ಗುಲಾಬಿ ಕಾಗದದ ವರ್ಷ

ನಮ್ಮ ಮನೆಯ ಟ್ರಂಕಿಗೆ ಸದಾ ಹಗ್ಗ ಬಿಗಿದಿರುತ್ತಿತ್ತು. ಬೇರೆಯವರ ಮನೆಯಲ್ಲಿ ಟ್ರಂಕು ಎಂದರೆ ಮದುವೆಯ ಸೀರೆ, ಒಳ್ಳೆಯ ಅಂಗಿ, ನಾಲ್ಕು ಕಾಗದಪತ್ರ ಇಡುವ ಪೆಟ್ಟಿಗೆ. ನಮ್ಮಲ್ಲಿ ಅದು ಬಸ್ಸಿಗೆ ಕಾಯುವ ಮನುಷ್ಯನ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿತ್ತು. ಅಂಗಿ ಬೇಕಾದರೆ ಹಗ್ಗ ಬಿಚ್ಚಬೇಕು, ತೆಗೆದುಕೊಂಡ ಮೇಲೆ ಮತ್ತೆ ಬಿಗಿಯಬೇಕು. ಬಿಗಿಯದೆ ಬಿಟ್ಟರೆ ಅಪ್ಪ ಊಟಕ್ಕೆ ಕೂರುತ್ತಿರಲಿಲ್ಲ. ಅಪ್ಪ ಮಾರ್ಬಲ್ ಪಾಲಿಷ್ ಮಾಡುವವನು. ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದ ಮೇಲೆ ಎಲ್ಲಿ ನೆಲ ಹಾಸುವ ಕೆಲಸ ಇರುತ್ತದೋ ಅಲ್ಲಿಯೇ ನಮ್ಮ ಮನೆ. ಮಾದಾಪುರದಲ್ಲಿ ತಗಡಿನ ಶೆಡ್ಡು, ತಾರ್ನಾಕದಲ್ಲಿ ಮುಗಿಯದ ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಇನ್ನೊಂದು ಕಡೆ ಸಿಮೆಂಟಿನ ಚೀಲ ಇಡುವ ಕೋಣೆಯ ಅರ್ಧ. ನೆಲ ಹೊಳೆಯತೊಡಗಿತು ಎಂದರೆ ನಾವು ಹೊರಡುವ ಹೊತ್ತು ಬಂತು ಎಂದೇ ಲೆಕ್ಕ. ಹೋದಲ್ಲೆಲ್ಲ ಹೊಸ ಶಾಲೆ. ನನಗೆ ತೆಲುಗು ಅಕ್ಷರವನ್ನು ಮೂರು ಮೇಷ್ಟ್ರು ಮೂರು ಸಲ ಮೊದಲಿನಿಂದ ಕಲಿಸಿದರು. ಮೂರನೆಯ ಸಲದ ಹೊತ್ತಿಗೆ ನಾನು ಅವರಿಗಿಂತ ಮುಂದೆ ಹೇಳುತ್ತಿದ್ದೆ.

ಅಪ್ಪನಿಗೆ ಒಂದೆಡೆ ನಿಲ್ಲಲು ಬರುತ್ತಿರಲಿಲ್ಲ. ಕೆಲಸದ ಕಾರಣ ಎಂದು ಅವನು ಹೇಳುತ್ತಿದ್ದ. ಆದರೆ ಕೆಲಸ ಇರುವಾಗಲೂ ಮುಂದಿನ ಊರಿನ ಮಾತೇ ಆಡುತ್ತಿದ್ದ. ಊಟ ಮಾಡುವಾಗ ಎಡಗಾಲು ಅಲುಗುತ್ತಿತ್ತು. ಚಹಾ ಕುಡಿಯುವಾಗ ಬಾಗಿಲಲ್ಲಿ ನಿಂತೇ ಕುಡಿಯುತ್ತಿದ್ದ. ಅವನ ಹಾಗೆ ನನಗೂ ಕಾಲು ಅಲುಗುತ್ತದೆ. ನನ್ನ ಹೆಂಡತಿ ಅದನ್ನು ನೋಡಿದಾಗಲೆಲ್ಲ ನನ್ನ ಮೊಣಕಾಲಿನ ಮೇಲೆ ಕೈ ಇಡುತ್ತಾಳೆ. ಅವ್ವ ಹಾಗೆ ಮಾಡಿದ್ದನ್ನು ನಾನು ಕಾಣೆ. ಅವಳ ದಾರಿ ಬೇರೆ ಇತ್ತು.

ನನ್ನ ಬಾಲ್ಯದಲ್ಲಿ ಮನೆ ಎಂದು ಕರೆಯಬಹುದಾದ ಮನೆ ಒಂದೇ. ಶಂಶಾಬಾದಿನ ಹೆದ್ದಾರಿ ಪಕ್ಕದ ಕಲ್ಲಿನ ಗೋದಾಮಿನ ಮೂಲೆಯಲ್ಲಿ ಎರಡು ಕೋಣೆ. ಆಗ ಅಲ್ಲಿ ಏರ್‌ಪೋರ್ಟ್ ಇರಲಿಲ್ಲ. ಬಯಲು, ಜಾಲಿ, ಲಾರಿಗಳ ಧೂಳು. ಗೋದಾಮಿನ ಸೇಠ್ ಅಪ್ಪನ ಕೈಕೆಲಸ ಮೆಚ್ಚಿ, ರಜೆಯ ದಿನ ಕಲ್ಲುಗಳ ಮೇಲೆ ಒಂದು ಕಣ್ಣಿಡಬೇಕು ಎಂದು ಹೇಳಿ ಆ ಕೋಣೆಗಳನ್ನು ಕೊಟ್ಟಿದ್ದ. ಸಿಮೆಂಟ್ ಶೀಟಿನ ಸೂರು. ಆದರೆ ಕಬ್ಬಿಣದ ಸರಳಿನ ಕಿಟಕಿ ಇತ್ತು, ಒಳಗಿನಿಂದ ಹಾಕುವ ಚಿಲಕ ಇತ್ತು, ಮತ್ತೆ ಬಾಗಿಲಿನ ಪಕ್ಕ ನಮ್ಮದೇ ಆದ ಒಂದು ನಲ್ಲಿ. ಅವ್ವ ಮೊದಲನೆಯ ದಿನ ಆ ನಲ್ಲಿಯನ್ನು ಸುಮ್ಮನೆ ನಾಲ್ಕು ಸಲ ತಿರುಗಿಸಿ ನೋಡಿದಳು. ಆಮೇಲೆ ಅಡಿಗೆಯ ಕೋಣೆಯ ಗೋಡೆಗೆ ಭಾಂಡೆ ಇಡಲು ಮೂರು ಹಲಗೆ ಹೊಡೆಸಿದಳು. ಗೋಡೆಗೆ ಮೊಳೆ ಹೊಡೆಯುವುದು ಎಂದರೆ ನಮ್ಮ ಮನೆಯಲ್ಲಿ ದೊಡ್ಡ ಮಾತು. ಅಪ್ಪ ಮೊಳೆಗಳನ್ನು ನೋಡಿದ, ಹೋಗಿ ಟ್ರಂಕಿನ ಹಗ್ಗ ಇನ್ನೊಂದು ಸುತ್ತು ಬಿಗಿದ.

ನಮ್ಮ ಕಡೆಯ ಹೆಣ್ಣುಮಕ್ಕಳು ಹಲಗೆಯನ್ನು ಬರಿದಾಗಿ ಇಡುವುದಿಲ್ಲ. ಅದರ ಮೇಲೆ ಕಾಗದ ಹಾಸಿ, ಅಂಚು ಮುಂದಕ್ಕೆ ಇಳಿಬಿಟ್ಟು, ಆ ಅಂಚನ್ನು ಮಡಚಿ ಮಡಚಿ ಕತ್ತರಿಯಿಂದ ಮುಮ್ಮೂಲೆ ಕತ್ತರಿಸಿ ಝಾಲರಿ ಮಾಡುತ್ತಾರೆ. ಗಾಳಿ ಬಂದರೆ ಆ ಝಾಲರಿ ಹಲ್ಲು ಬಿಟ್ಟು ನಕ್ಕ ಹಾಗೆ ಅಲುಗುತ್ತದೆ. ಯುಗಾದಿ, ಪಂಚಮಿ, ದಸರಾ, ದೀಪಾವಳಿಗೆ ಹೊಸ ಕಾಗದ. ಹಬ್ಬ ಇಲ್ಲದ ದಿನ ಹಲಗೆ ಮುಟ್ಟುವ ಪದ್ಧತಿ ಇಲ್ಲ. ಅವ್ವನಿಗೆ ಕಾಗದ ಸಿಗುತ್ತಿದ್ದುದು ಗೋದಾಮಿನಿಂದ. ಇಟಲಿಯಿಂದ ಬರುವ ದೊಡ್ಡ ಸ್ಲ್ಯಾಬುಗಳ ಜೊತೆ ಕಟ್ಟಿಗೆಯ ಪೆಟ್ಟಿಗೆಗಳೂ ಬರುತ್ತಿದ್ದವು; ಅವುಗಳಲ್ಲಿ ಮೇಜಿನ ಮೇಲಿನ ಕಲ್ಲು, ಕಿಟಕಿಯ ಕಟ್ಟೆಯ ಕಲ್ಲು, ಇಂಥ ಸಣ್ಣ ತುಂಡುಗಳು. ಹೊಳಪಿಗೆ ಹೊಳಪು ತಾಗಿ ಗೀರು ಬೀಳಬಾರದೆಂದು ನಡುವೆ ಕಾಗದ ತುರುಕಿರುತ್ತಿದ್ದರು. ಅದೆಲ್ಲ ಅಲ್ಲಿನ ಪತ್ರಿಕೆ. ಗುಲಾಬಿ ಬಣ್ಣದ್ದು. ಅಷ್ಟು ಚೆಂದದ ಪತ್ರಿಕೆಯನ್ನು ನಾವು ಅದುವರೆಗೆ ಕಂಡಿರಲಿಲ್ಲ. ಅಪ್ಪ ಅದನ್ನು ತಂದು ಹಾಕಿದ ದಿನ ಅವ್ವ ಕೈ ತೊಳೆದುಕೊಂಡು ಬಂದು ಮುಟ್ಟಿದಳು.

ಆ ವರ್ಷದ ದಸರಾಕ್ಕೆ ನಮ್ಮ ಮೂರೂ ಹಲಗೆ ಗುಲಾಬಿಯಾದವು. ನಡುವಿನ ಹಲಗೆಯಲ್ಲಿ ತೊಗರಿಬೇಳೆ ಡಬ್ಬಿಯ ಕೆಳಗೆ ಒಬ್ಬ ಗೋಲಿಯ, ಅಂದರೆ ಫುಟ್‌ಬಾಲಿನಲ್ಲಿ ಗೋಲು ಕಾಯುವವನ, ಚಿತ್ರ ಇತ್ತು. ಗೋಲಿನ ಕಂಬಕ್ಕೆ ಒರಗಿ ಕೂತಿದ್ದ. ಮೈ, ಮುಖ, ಕೈಗವಸು ಎಲ್ಲ ರಾಡಿ. ಕೆಲಸದಿಂದ ಬಂದು ನಲ್ಲಿಯ ಮುಂದೆ ಕೂರುವ ಅಪ್ಪ ಥೇಟ್ ಹಾಗೆಯೇ ಕಾಣುತ್ತಿದ್ದ. ಪಾಲಿಷ್ ಮಷೀನಿನ ಕೆಳಗಿನಿಂದ ಎರಚುವ ಬಿಳಿ ರಾಡಿ ಒಣಗಿ ಹುಬ್ಬಿಗೂ ಅಂಟಿರುತ್ತಿತ್ತು. ಚಿತ್ರದ ಕೆಳಗಿನ ದಪ್ಪ ಅಕ್ಷರದ ಹೆಸರು ನನಗೆ ಗುರುತಿನದು. ಗೋದಾಮಿನ ಪ್ರತಿ ಪೆಟ್ಟಿಗೆಯ ಬದಿಯಲ್ಲಿ ಕಪ್ಪು ಬಣ್ಣದಲ್ಲಿ ಅದೇ ಹೆಸರಿನ ಅಚ್ಚು ಹೊಡೆದಿದ್ದರು. ನಾನು ಡಬ್ಬಿ ಸರಿಸಿ, ಹಾಳೆ ಎಳೆದುಕೊಂಡು, ಝಾಲರಿಯ ಸಮೇತ ಖಾಜಾಭಾಯ್ ಹತ್ತಿರ ಓಡಿದೆ.

ಖಾಜಾಭಾಯ್ ಗೋದಾಮಿನ ಕ್ರೇನ್ ನಡೆಸುವವನು. ಪ್ರಾಯದಲ್ಲಿ ಹೈದರಾಬಾದಿನ ಮೈದಾನಗಳಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿದವನು. ಎಡಗಾಲಿನ ಮೊಣಕಾಲು ಮಡಚುತ್ತಿರಲಿಲ್ಲ. ಕ್ರೇನಿನ ಕುರ್ಚಿಯಲ್ಲಿ ಆ ಕಾಲನ್ನು ಮುಂದಕ್ಕೆ ಚಾಚಿ ಕೂರುತ್ತಿದ್ದ. ತಾಯಿ ಗುಲಬರ್ಗಾ ಕಡೆಯವಳಾದ್ದರಿಂದ ನಮ್ಮ ಜೊತೆ ಕನ್ನಡವನ್ನೇ ಆಡುತ್ತಿದ್ದ, ನಡುನಡುವೆ ದಖನಿ ಉರ್ದು. ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದು ಪೆಟ್ಟಿಗಿ ಕಳಿಸೋ ಊರಿನ ಟೀಮು ಬೇಟಾ. ಇಲ್ಲಿ ನೋಡು, ಪಟ್ಟಿ ಐತಿ. ಯಾರು ಎಷ್ಟು ಆಡ್ಯಾರ, ಎಷ್ಟು ಗೆದ್ದಾರ. ಹದಿನೆಂಟು ಟೀಮು ಇರಬೇಕು. ಇಲ್ಲಿ ಹದಿನಾಲ್ಕೇ ಅದಾವಲ್ಲ. ಬಾಕಿದವು ಎಲ್ಲಿ?"

"ಅವ್ವ ಝಾಲರಿ ಮಾಡ್ಯಾಳ."

ಖಾಜಾಭಾಯ್ ಕುರ್ಚಿಯಲ್ಲೇ ಅಲುಗಾಡಿ ನಕ್ಕ.

"ವಾಹ್. ಅವರು ವರ್ಷಪೂರ್ತಿ ಆಡಿ ಕಡೀ ನಾಲ್ಕು ಮಂದೀನ ದೊಡ್ಡ ದರ್ಜಾದಿಂದ ಹೊರಗ ಹಾಕ್ತಾರ. ನಿಮ್ಮವ್ವ ಒಂದೇ ಕತ್ತರಿಗೆ ಹಾಕಿದ್ಲು."

ಹೀಗೆ ನನಗೆ ಆ ಆಟದ ಕಾನೂನು ಗೊತ್ತಾಯಿತು. ಒಂದು ವರ್ಷಕ್ಕೆ ಪ್ರತಿ ತಂಡಕ್ಕೂ ಮೂವತ್ತನಾಲ್ಕು ಆಟ. ಗೆದ್ದರೆ ಮೂರು, ಸಮ ಆದರೆ ಒಂದು. ಪಟ್ಟಿಯ ಕೆಳಗಿನ ನಾಲ್ಕು ಹೆಸರಿನ ಮೇಲೆ ಒಂದು ಕರಿ ಗೆರೆ. ವರ್ಷದ ಕೊನೆಗೆ ಯಾರ ಹೆಸರು ಗೆರೆಯ ಕೆಳಗಿರುತ್ತದೋ ಅವರು ಕೆಳಗಿನ ದರ್ಜೆಗೆ ಹೋಗಬೇಕು.

"ಮತ್ತ ಮ್ಯಾಲೆ ಬರಂಗಿಲ್ಲೇನು?" ಎಂದು ಕೇಳಿದೆ.

"ಬರ್ತಾರ. ಕೆಲವರು ಬರೋದೇ ಇಲ್ಲ. ನನ್ನೇ ನೋಡು," ಎಂದು ಅವನು ಮಡಚದ ಕಾಲನ್ನು ತಟ್ಟಿದ.

ಆ ಊರಿನ ಹೆಸರನ್ನು ನಾನು ಓದುತ್ತಿದ್ದ ರೀತಿ ತಪ್ಪು ಎಂದು ದೊಡ್ಡವನಾದ ಮೇಲೆ ತಿಳಿಯಿತು. ಮನೆಯಲ್ಲಿ ಹೇಗೂ ಆ ಹೆಸರು ಯಾರ ಬಾಯಿಗೂ ಬರಲಿಲ್ಲ. ಕಲ್ಲು ಕಳಿಸುವ ಊರು, ಹಾಗಾಗಿ ಕಲ್ಲೂರು. ಅವರ ಹುಡುಗರು ಕಲ್ಲೂರವರು. ನಮ್ಮ ಕಡೆಯೂ ಒಂದು ಕಲ್ಲೂರಿದೆ. ಅಕ್ಕ ಲಕ್ಷ್ಮಿ ಬಹಳ ದಿನ ಆ ಹುಡುಗರು ಅಲ್ಲಿಯವರೇ ಎಂಬಂತೆ ಮಾತಾಡುತ್ತಿದ್ದಳು. ಸೋತರೆ, "ಪಾಪ, ಉಂಡಿರಲಿಕ್ಕಿಲ್ಲ," ಅನ್ನುವಳು.

ಅವ್ವನ ಜೊತೆ ಕತ್ತರಿಯ ಜಗಳ ಅಂದಿನಿಂದಲೇ ಶುರುವಾಯಿತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳು ಹೊಸ ಕಾಗದಕ್ಕೆಲ್ಲ ಝಾಲರಿ ಕತ್ತರಿಸಿ ಮಡಚಿ ಇಟ್ಟಿರುತ್ತಿದ್ದಳು. ಯಾವ ಹಾಳೆ ತೆಗೆದರೂ ಪಟ್ಟಿಯ ತಳ ಇರುವುದಿಲ್ಲ. ಕಲ್ಲೂರಿನ ಕೆಳಗೆ ಯಾರಿದ್ದಾರೆ, ಎಷ್ಟು ಅಂಕ ಹಿಂದಿದ್ದಾರೆ, ಒಂದೂ ತಿಳಿಯದು.

"ಝಾಲರಿ ಇಲ್ಲದ ಹಲಿಗಿ ಬಳಿ ಇಲ್ಲದ ಕೈ ಇದ್ದಂಗ. ನಾ ಕತ್ತರಿ ಹಾಕಾಕಿನೇ," ಎಂದಳು ಅವ್ವ. ರೊಟ್ಟಿ ಬಡಿಯುತ್ತಿದ್ದಳು.

ನಾನು ಕೂತು ಎಲ್ಲ ಹೇಳಿದೆ. ಹದಿನೆಂಟು ತಂಡ, ಕರಿ ಗೆರೆ, ಗೆರೆಯ ಕೆಳಗಿನ ನಾಲ್ಕು. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅಂದ್ರ ಗೆರಿ ಕೆಳಗ ಬಂದವರನ್ನ ಮನಿ ಖಾಲಿ ಮಾಡಸ್ತಾರ?"

"ಹೂಂ."

"ಏನು ತಪ್ಪು ಮಾಡ್ಯಾರ?"

"ಸೋತಾರ."

"ಸೋತವರನ್ನೇ ಎಬ್ಬಸ್ತಾರೇನು? ಛಲೋ ಐತಿ ಅವರ ನ್ಯಾಯ." ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಮ್ಮ ಕಲ್ಲೂರವರ ಹೆಸರು ಯಾವುದು, ತೋರ್ಸು."

ತೋರಿಸಿದೆ. ಅವಳಿಗೆ ಓದು ಬರದು. ಆದರೆ ಪೆಟ್ಟಿಗೆಯ ಮೇಲೆ ಆ ಹೆಸರನ್ನು ದಿನಾ ನೋಡುತ್ತಿದ್ದವಳು. ರಂಗೋಲಿಯ ಗೆರೆ ನೆನಪಿಟ್ಟ ಹಾಗೆ ಒಮ್ಮೆಗೇ ಹಿಡಿದಳು. ಆಮೇಲೆ ಯಾವ ಪಟ್ಟಿ ಕೊಟ್ಟರೂ ಬೆರಳು ನೇರ ಅಲ್ಲಿಗೇ ಹೋಗುವುದು, ಅಲ್ಲಿಂದ ಇಳಿದು ಕರಿ ಗೆರೆಗೆ. ನಡುವೆ ಎಷ್ಟು ಜಾಗ ಉಳಿದಿದೆ ಎಂದು ಬೆರಳಲ್ಲೇ ಅಳೆಯುವಳು. ಆ ದಿನ ಮಾತು ಕೊಟ್ಟಳು: ನಾನು ಓದಿದ ಮೇಲೆಯೇ ಕತ್ತರಿ. ವರ್ಷವಿಡೀ ಆ ಮಾತು ಉಳಿಸಿಕೊಂಡಳು. ಒಂದೇ ದಿನ ತಪ್ಪಿದಳು.

ಹಾಳೆಗಳು ಬರುತ್ತಿದ್ದುದು ಹಿಂದುಮುಂದಾಗಿ. ಕಳಿಸುವವರು ಕೈಗೆ ಸಿಕ್ಕಿದ್ದನ್ನು ತುರುಕಿದವರು, ಅವರಿಗೇನು. ಮೊದಲು ಹತ್ತೊಂಬತ್ತನೆಯ ಆಟದ ಪಟ್ಟಿ ಬಂತು, ಆಮೇಲೆ ಏಳನೆಯದು, ಆಮೇಲೆ ಇಪ್ಪತ್ತೆಂಟು, ಮತ್ತೆ ಹನ್ನೆರಡು. ಸೋಲು ಮೊದಲು ತಿಳಿದು, ಅದಕ್ಕಿಂತ ಹಿಂದಿನ ಗೆಲುವು ಆಮೇಲೆ ತಿಳಿಯುವುದು. ಕಲ್ಲೂರವರು ಹತ್ತನೆಯ ಜಾಗದಲ್ಲಿ ಸುಖವಾಗಿರುವ ಹಾಳೆ ನಮ್ಮ ಕೈಗೆ ಬಂದಾಗ, ಅವರು ಹದಿನೈದಕ್ಕೆ ಬಿದ್ದಿರುವುದು ನಮಗೆ ಆಗಲೇ ಗೊತ್ತಿತ್ತು. ನಾನು ಹಾಳೆಗಳನ್ನು ಆಡಿದ ಆಟದ ಅಂಕಿಯ ಪ್ರಕಾರ ಜೋಡಿಸಿ, ಬರದ ಆಟಗಳ ಜಾಗ ಬಿಟ್ಟು, ಹಾಸಿಗೆಯ ಕೆಳಗೆ ಇಡುತ್ತಿದ್ದೆ. ಅಪ್ಪ ಅದನ್ನು ಒಂದು ದಿನ ನೋಡಿದ. ಒಂದೇ ಬಂಡೆಯಿಂದ ಕೊಯ್ದ ಸ್ಲ್ಯಾಬುಗಳಿಗೆ ಅಂಚಿನಲ್ಲಿ ನಂಬರು ಬರೆದಿರುತ್ತಾರೆ. ಆ ನಂಬರಿನ ಪ್ರಕಾರ ಹಾಸಿದರೆ ಕಲ್ಲಿನೊಳಗಿನ ಗೆರೆ ಒಂದರಿಂದ ಒಂದಕ್ಕೆ ಹರಿಯುತ್ತದೆ; ಒಂದು ನಂಬರು ತಪ್ಪಿದರೆ ಇಡೀ ನೆಲ ಕೆಟ್ಟಿತು.

"ಇದು ನನ್ನ ಕೆಲಸಾನೇ ಮಾಡಾಕತ್ತೀಯಲ್ಲಲೇ ಭೀಮ್ಯಾ," ಎಂದ. ಅವನು ನನ್ನನ್ನು ಹೊಗಳಿದ ಸಲಗಳಲ್ಲಿ ಅದೊಂದು. ಎಣಿಸಿದರೆ ಒಂದು ಕೈಯ ಬೆರಳು ಸಾಕು.

ಬೇಸಿಗೆ ಹತ್ತಿರ ಬಂದಾಗ ಶಂಕ್ರಪ್ಪ ಬಂದ. ಅವನು ಮುಕಾದಮ, ಕೆಲಸಗಾರರನ್ನು ಕೂಡಿಸಿ ಊರೂರಿಗೆ ಕರೆದೊಯ್ಯುವವನು. ಬಿಳಿ ಅಂಗಿ, ಬಿಳಿ ಪ್ಯಾಂಟು, ಸ್ಕೂಟರು. ಪುಣೆಯಲ್ಲಿ ದೊಡ್ಡ ಹೋಟೆಲು ಏಳುತ್ತಿದೆ, ಒಂಬತ್ತು ಮಾಳಿಗೆ ಮಾರ್ಬಲ್ಲು, ನಿನ್ನಂಥ ಕೈ ಬೇಕು ಎಂದು ಹೇಳಿ ಅವ್ವನ ಚಹಾ ಕುಡಿದು ಹೋದ. ಅಪ್ಪನ ಕಾಲು ಆ ಸಂಜೆಯಿಂದ ನಿಲ್ಲಲೇ ಇಲ್ಲ. ಊಟಕ್ಕೆ ಕೂತಿದ್ದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕಲ್ಲಿನ ಧೂಳು ಎಷ್ಟು ಮುಚ್ಚಿದರೂ ಹಿಂಡಿಯಲ್ಲಿ ಸೇರುತ್ತಿತ್ತು. ಹಲ್ಲಿಗೆ ಕರಕರ ಎನ್ನದ ಊಟ ನನಗೆ ಇಂದಿಗೂ ಸಪ್ಪೆ.

"ಲಕ್ಷ್ಮಿ ಹತ್ತನೇತ್ತ ಬರೀಲಿ," ಎಂದಳು ಅವ್ವ. ಅಕ್ಕ ಆಗ ಒಂಬತ್ತನೆಯ ಪರೀಕ್ಷೆಗೆ ಓದುತ್ತಿದ್ದಳು. "ಇನ್ನೊಂದು ವರ್ಷ. ಮುಂದ ನೀವು ಪುಣೇಕ್ಕಾದ್ರೂ ಹೋಗ್ರಿ, ಚಂದ್ರಲೋಕಕ್ಕಾದ್ರೂ ಹೋಗ್ರಿ."

"ಪುಣೇದಾಗ ಸಾಲಿ ಇಲ್ಲೇನು?"

"ಅಲ್ಲಿ ಮರಾಠಿ. ಹದಿನೈದು ವರ್ಷದಾಕಿ ಮತ್ತ ಒಂದನೇತ್ತ ಕೂಡಬೇಕೇನ್ರಿ?"

"ಕೂಡಬ್ಯಾಡ. ಸಾಕು ಓದಿದ್ದು. ಊರಾಗ ಒಂದು ಛಲೋ ಸಂಬಂಧ ಐತಿ ಅಂತ ಶಂಕ್ರಪ್ಪನೂ ಅಂದಾನ."

ಅಕ್ಕ ರೊಟ್ಟಿಯನ್ನು ಮುರಿಯುತ್ತಲೇ ಇದ್ದಳು, ಬಾಯಿಗೆ ಹಾಕುತ್ತಿರಲಿಲ್ಲ. ತಟ್ಟೆಯಲ್ಲಿ ಚೂರುಗಳ ಗುಡ್ಡೆಯಾಯಿತು. ಅವ್ವ ತನ್ನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಅವಳು ಬೈಯುವವಳಲ್ಲ. ತಟ್ಟೆ ತಳ್ಳಿದಳು ಎಂದರೆ ಮೂರು ದಿನ ಒಲೆ ಮಾತ್ರ ಮಾತಾಡುವುದು. ಅಪ್ಪನಿಗೂ ಅದು ಗೊತ್ತು. ಮಾತು ತಿರುಗಿಸಲು ನನ್ನ ಕಡೆ ನೋಡಿದ.

"ಏನ್ಲೇ, ನಿನ್ನ ಕಲ್ಲೂರವರ ಸುದ್ದಿ ಏನು? ಉಳೀತಾರೋ, ಗಂಟು ಕಟ್ತಾರೋ?"

"ಮೂವತ್ತೊಂದು ಆಟ ಆಗ್ಯಾವಪ್ಪ. ಹದಿನಾಲ್ಕನೇದವರು ಅದಾರ. ಗೆರಿಗೆ ಹತ್ತಿ ನಿಂತಾರ."

ಅಪ್ಪ ನಕ್ಕ. "ಹಂಗಾರ ಹಿಂಗ ಮಾಡೂಣು. ಅವರು ಉಳದ್ರ ನಾವೂ ಉಳಿಯೂಣು. ಅವರು ಗಂಟು ಕಟ್ಟಿದ್ರ ನಾವೂ ಕಟ್ಟೂಣು. ಸಾಕಿಲ್ಲೋ?"

ತಮಾಷೆಗೆ ಅಂದ ಮಾತು. ಮನೆ ಬಿಡುವ ಮಾತನ್ನು ಅವನು ಯಾವಾಗಲೂ ತಮಾಷೆಯಲ್ಲೇ ಹೇಳುತ್ತಿದ್ದ. ಆದರೆ ಅವ್ವ ನಗಲಿಲ್ಲ. ಎದ್ದು ಹೋಗಿ ದೇವರ ಮುಂದಿನ ದೀಪದ ಬತ್ತಿ ಸರಿಮಾಡಿ ಬಂದು ಕೂತಳು. ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು.

"ದೀಪದ ಮುಂದ ಅಂದೀರಿ. ಈಗ ಉಣ್ರಿ," ಎಂದಳು.

ಅಪ್ಪನ ಕೈ ಅರೆಗಳಿಗೆ ನಿಂತಿತು. ನಮ್ಮಲ್ಲಿ ದೀಪ ಉರಿಯುವಾಗ ಆಡಿದ ಮಾತನ್ನು ನುಂಗಲು ಬರುವುದಿಲ್ಲ. ಹೀಗೆ, ಎಂದೂ ನೋಡದ ಊರಿನ ಹನ್ನೊಂದು ಹುಡುಗರ ಕಾಲಿಗೆ ನಮ್ಮ ಮನೆ ಕಟ್ಟುಬಿತ್ತು. ಮನೆಯ ಜೊತೆ ಅಕ್ಕನ ಹತ್ತನೇತ್ತ.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಲಾರಿಯ ಸದ್ದಾದರೆ ಸಾಕು, ಮೂವರೂ ಬಾಗಿಲಿಗೆ ಬರುವೆವು. ಪೆಟ್ಟಿಗೆ ಬಂದರೆ ಅಪ್ಪ ಅದನ್ನು ಒಡೆದು ಕಾಗದ ಮನೆಗೆ ಕಳಿಸುವವರೆಗೆ ಕಾಯಬೇಕು. ಬಿಚ್ಚಿದರೆ ಹದಿನಾರನೆಯ ಆಟ. ಇನ್ನೊಂದರಲ್ಲಿ ಆಟವೇ ಇಲ್ಲ, ಸೈಕಲ್ಲಿನವರ ಚಿತ್ರ. ಅವ್ವ ಸೈಕಲ್ಲಿನವರನ್ನು ಬೈದಳು. ಅಮಾವಾಸ್ಯೆಗೆ ಪಾಲಿಷ್ ಮಷೀನಿಗೆ ಪೂಜೆ ಮಾಡಿ ಕಾಯಿ ಒಡೆದು ಲಿಂಬೆಹಣ್ಣು ಇಡುವುದು ನಮ್ಮ ಪದ್ಧತಿ. ಆ ಅಮಾವಾಸ್ಯೆಗೆ ಅವ್ವ ಎರಡು ಲಿಂಬೆ ಇಟ್ಟಳು. ಒಂದು ಮಷೀನಿಗೆ. ಇನ್ನೊಂದನ್ನು ಖಾಲಿ ಪೆಟ್ಟಿಗೆಯ ಮೇಲೆ, ಆ ಕಪ್ಪು ಹೆಸರಿನ ನೆತ್ತಿಗೆ. ಖಾಜಾಭಾಯ್ ನೋಡಿ, "ಭಾಭಿ, ಗೋಲಿಗೆ ಒಂದು ತಾಯಿತಾನೂ ಕಟ್ಟಸ್ರಿ," ಎಂದ.

ನನಗೆ ನಿದ್ದೆ ಕೆಡಿಸಿದವನೂ ಖಾಜಾಭಾಯ್‌ನೇ. ಮೂವತ್ತಮೂರನೆಯ ಆಟದ ಹಾಳೆ ಸಿಕ್ಕಿದ ದಿನ ಕುಣಿಯುತ್ತ ಅವನ ಬಳಿ ಹೋದೆ. ಕಲ್ಲೂರು ಹದಿನಾಲ್ಕು, ಗೆರೆಯ ಕೆಳಗಿನವರಿಗಿಂತ ಒಂದೇ ಅಂಕ ಮೇಲೆ. ಒಂದು ಆಟ ಬಾಕಿ.

"ಖಾಜಾಭಾಯ್, ಕಡೀ ಆಟ ಈ ಐತವಾರ ಆಡ್ತಾರೇನು?"

ಅವನು ಹಾಳೆಯ ಮೇಲಿನ ತಾರೀಖಿಗೆ ಬೆರಳಿಟ್ಟ. "ಅರೆ ಪಾಗಲ್, ಇದು ಹಳೇ ಕಾಗದ. ಜಹಾಜಿನ್ಯಾಗ ಬರೂದಕ್ಕ ಎಷ್ಟು ದಿನ, ಬಂದರದಾಗ ಬಿದ್ದಿದ್ದು ಎಷ್ಟು ದಿನ. ಅವರು ಆಡಿ ಮುಗಿಸಿ ಮನಿಗೆ ಹೋಗಿ ಉಂಡು ಮಕ್ಕೊಂಡಾರ. ಉಳದದ್ದೋ ಬಿದ್ದದ್ದೋ, ಎಲ್ಲಾ ಹೋ ಗಯಾ. ನಮಗ ಗೊತ್ತಿಲ್ಲ, ಅಷ್ಟೇ."

ಮನೆಗೆ ಬಂದರೆ ಅವ್ವ ದೀಪಕ್ಕೆ ಎರಡನೆಯ ಬತ್ತಿ ಹೊಸೆಯುತ್ತಿದ್ದಳು, ಕಲ್ಲೂರವರಿಗೆಂದು. ಆಗಿಹೋದದ್ದಕ್ಕೆ ಅವಳು ಬತ್ತಿ ಹಚ್ಚುತ್ತಿದ್ದಾಳೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈಗಿನ ಹುಡುಗರಾದರೆ ಫೋನಿನಲ್ಲಿ ಬೆರಳಾಡಿಸಿ ಹೇಳಿಬಿಡುತ್ತಾರೆ. ನನ್ನ ಬಳಿಯೂ ಫೋನಿದೆ. ಆ ವರ್ಷದ್ದನ್ನು ನಾನು ಇವತ್ತಿಗೂ ಹುಡುಕಿ ನೋಡಿಲ್ಲ.

ಅದು ಒಂದು ಬುಧವಾರ. ಹಬ್ಬ ಇಲ್ಲ, ಅಮಾವಾಸ್ಯೆ ಇಲ್ಲ. ಶಾಲೆಯಿಂದ ಬಂದು ಚೀಲ ಇಡಲು ಬಗ್ಗಿದವನಿಗೆ ಅಡಿಗೆಯ ಕೋಣೆಯಲ್ಲಿ ಬೆಳಕು ಬೇರೆ ರೀತಿ ಕಂಡಿತು. ಮೂರೂ ಹಲಗೆಗೆ ಹೊಸ ಗುಲಾಬಿ ಕಾಗದ. ಡಬ್ಬಿಗಳನ್ನು ತೊಳೆದು ಇಟ್ಟಿದ್ದಳು. ನಡುವಿನ ಹಲಗೆಯಿಂದ ಇಳಿಬಿದ್ದ ಅಂಚಿನಲ್ಲಿ ಪಟ್ಟಿ ಇತ್ತು. ಹೆಸರಿನ ಮುಂದೆ ಆಡಿದ ಆಟದ ಅಂಕಿ: ಮೂವತ್ತನಾಲ್ಕು. ಅದರ ಕೆಳಗೆ ಮೂವತ್ತನಾಲ್ಕು. ಸಾಲುಸಾಲಾಗಿ ಅದೇ. ನಾನು ಮೇಲಿನಿಂದ ಬೆರಳಿಟ್ಟು ಬಂದೆ. ಹದಿನಾಲ್ಕು ಹೆಸರು. ಕಲ್ಲೂರು ಇರಲಿಲ್ಲ. ಹದಿನಾಲ್ಕನೆಯ ಹೆಸರಿನ ಕೆಳಗೆ ಕರಿ ಗೆರೆಯ ಒಂದು ಎಳೆ, ಅಲ್ಲಿಂದ ಕೆಳಗೆ ಝಾಲರಿಯ ಹಲ್ಲು. ಕತ್ತರಿ ಗೆರೆ ಹಿಡಿದುಕೊಂಡೇ ಹೋಗಿತ್ತು.

ಅವ್ವ ನನಗೆ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದಳು.

"ನಾ ಓದೂಕಿಂತ ಮೊದಲ ಕತ್ತರಿ ಹಾಕಿದೇನವ್ವ?"

"ಹಲಿಗಿ ಕರ್ರಗಾಗಿತ್ತು."

"ಚೂರು ಎಲ್ಲಿ?"

"ಒಲಿಗೆ ಹಾಕ್ದೆ."

ಅವಳು ತಿರುಗಲಿಲ್ಲ. ಹಿಟ್ಟು ನಾದಿದ್ದು ಸಾಕಾಗಿತ್ತು, ಆದರೂ ನಾದುತ್ತಲೇ ಇದ್ದಳು. ಬಾಗಿಲಲ್ಲಿ ಅಕ್ಕ ಪುಸ್ತಕ ಎದೆಗೆ ಹಿಡಿದು ನಿಂತಿದ್ದಳು. ಅವಳು ನನ್ನನ್ನು ನೋಡಿದ ನೋಟ ನನಗೆ ಇನ್ನೂ ಮರೆತಿಲ್ಲ. ಬೇಡುವ ನೋಟ ಅಲ್ಲ ಅದು. ಅಕ್ಕ ಬೇಡುವವಳೇ ಅಲ್ಲ. ಇವನು ಏನು ಮಾಡುತ್ತಾನೆ ಎಂದು ನೋಡುವ ನೋಟ.

ಅಪ್ಪ ಬಂದ. ನಲ್ಲಿಯಲ್ಲಿ ಮೊಣಕೈಯವರೆಗೆ ತೊಳೆದುಕೊಂಡು ತನ್ನ ಜಾಗದಲ್ಲಿ ಕೂತ. ಅವನು ಊಟಕ್ಕೆ ಕೂರುತ್ತಿದ್ದುದು ಹಲಗೆಗಳ ಎದುರಿಗೇ. ಅವ್ವ ರೊಟ್ಟಿ ಹಾಕಿದಳು. ಅವನು ತಲೆ ಎತ್ತಿದ.

"ಇವತ್ತು ಯಾವ ಹಬ್ಬ?"

"ಕರ್ರಗಾಗಿತ್ರಿ," ಎಂದಳು ಅವ್ವ.

ಅಪ್ಪ ರೊಟ್ಟಿ ಮುರಿಯದೆ ನಡುವಿನ ಹಲಗೆಯನ್ನೇ ನೋಡಿದ. ಅವನ ಎಡಗಾಲು ನಿಂತಿತ್ತು. "ಭೀಮ್ಯಾ, ಎಷ್ಟನೇದ್ಲೇ ಇದು?"

ನಾನು ಸುಳ್ಳು ಹೇಳುವ ಹುಡುಗನಾಗಿರಲಿಲ್ಲ. ಒಳ್ಳೆಯವನೆಂದಲ್ಲ, ಜಂಬಕ್ಕೆ. ಸುಳ್ಳು ಹೇಳುವವರು ಹೆದರಿಕೊಂಡವರು ಎಂದು ನನ್ನ ಎಣಿಕೆ. ಆ ಹೊತ್ತಿಗೆ ನನ್ನ ಬಾಯಿ ಒಣಗಿ ಹಿಟ್ಟಾಗಿತ್ತು.

"ಮೂವತ್ತೆರಡನೇದಪ್ಪ. ಹಿಂದ ಉಳದಿತ್ತು, ಈಗ ಬಂದೈತಿ. ಆವಾಗ ಗೆರಿ ಕೆಳಗಿದ್ರು. ಮೂವತ್ತಮೂರಕ್ಕ ಮ್ಯಾಲೆ ಬಂದ್ರಲ್ಲ, ನಾವು ನೋಡೀವಲ್ಲ." ಉಸಿರು ಸಾಲದೆ ನಿಲ್ಲಿಸಿ ಮತ್ತೆ ಹೇಳಿದೆ. "ಕಡೀದು ಇನ್ನೂ ಬರಬೇಕು."

ಅಪ್ಪ ಇನ್ನೂ ನೋಡುತ್ತಿದ್ದ. ತುಟಿ ಸ್ವಲ್ಪ ಅಲುಗಿದಂತೆ ಕಂಡಿತು. ಒಲೆಯಲ್ಲಿ ಕಟ್ಟಿಗೆ ಚಟ್ ಎಂದಿತು.

"ಹಂಗಾರ ಕಡೀದು ಬರಲಿ," ಎಂದು ರೊಟ್ಟಿ ಮುರಿದ. "ಹಿಂಡಿಗೆ ಎಣ್ಣಿ ಹಾಕಿಲ್ಲಲ್ಲ."

ಅವ್ವ ಎಣ್ಣೆ ಹಾಕಿದಳು. ಬೇಕಾದದ್ದಕ್ಕಿಂತ ಬಹಳ ಹೆಚ್ಚು ಬಿತ್ತು. ಅಪ್ಪ ಅದರಲ್ಲೇ ರೊಟ್ಟಿ ಅದ್ದಿ ತಿಂದ.

ಕಡೆಯ ಹಾಳೆ ಮುಂದೆ ಎಂದೂ ಬರಲಿಲ್ಲ; ಬರುವಂತಿರಲಿಲ್ಲ. ಪೆಟ್ಟಿಗೆ ಬಂದಾಗಲೆಲ್ಲ ನಾನು ಬಿಚ್ಚಿ ನೋಡಿ, ಇದರಲ್ಲೂ ಇಲ್ಲಪ್ಪ ಎನ್ನುತ್ತಿದ್ದೆ. ಅವನು ಹೂಂ ಎನ್ನುತ್ತಿದ್ದ. ಮುಂದಿನ ವರ್ಷ ಅಕ್ಕ ಆ ಮನೆಯ ಕಿಟಕಿಯ ಕೆಳಗೆ ಕೂತು ಓದಿ ಹತ್ತನೇತ್ತ ಪಾಸಾದಳು. ಆಮೇಲೆ ನರ್ಸಿನ ಓದು. ಇವತ್ತು ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಹತ್ತು ಜನ ನರ್ಸುಗಳ ಮೇಲಿನವಳು. ನಾನು ಎಂಟನೆಯ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟೆ. ನನ್ನನ್ನು ಯಾರೂ ಬಿಡಿಸಲಿಲ್ಲ, ಅದನ್ನು ಇಲ್ಲಿ ಬರೆದೇ ತೀರಬೇಕು. ಮಷೀನಿನ ಹಿಡಿಕೆ ಹಿಡಿದ ಅಪ್ಪನ ಕೈ ನಡುಗುವುದನ್ನು ಒಂದು ದಿನ ನೋಡಿದೆ, ಮರುದಿನ ಹೋಗಿ ಇನ್ನೊಂದು ಕಡೆಯಿಂದ ಹಿಡಿದೆ. ಅಪ್ಪ ಬೈದ, ಅವ್ವ ತಟ್ಟೆ ತಳ್ಳಿದಳು, ನಾನು ಕೇಳಲಿಲ್ಲ. ಇವತ್ತು ಮಾದಾಪುರದಲ್ಲಿ ನೀವು ಮುಖ ನೋಡಿಕೊಂಡು ನಡೆಯುವ ಎಷ್ಟೋ ನೆಲ ನನ್ನದು.

ಅಪ್ಪನಿಗೆ ಸುಳ್ಳು ಹೇಳಿ ಗೆದ್ದೆ ಎಂದು ನಾನು ಬಹಳ ವರ್ಷ ಒಳಗೊಳಗೇ ಬೀಗುತ್ತಿದ್ದೆ. ಮೀಸೆ ಬಂದ ಮೇಲಿನ ಮಾತು. ಒಂದು ದೊಡ್ಡ ಹಜಾರದ ನೆಲದ ಕೆಲಸಕ್ಕೆ ಗೋದಾಮಿನಲ್ಲಿ ಸ್ಲ್ಯಾಬು ಆರಿಸುತ್ತಿದ್ದೆವು. ಕತ್ತಲ ಮೂಲೆ, ಅಂಚುಗಳ ಮೇಲೆ ಬೆರಳುದ್ದ ಧೂಳು. ಅಪ್ಪ ಹೆಬ್ಬೆರಳಿನಿಂದ ಧೂಳು ಒರೆಸುತ್ತ ನಂಬರು ಓದುತ್ತ ಹೋಗುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಮೂವತ್ತೆರಡು. ಮೂವತ್ತಮೂರು. ಮೂವತ್ತನಾಲ್ಕು. ಅವನ ದನಿ ಎಲ್ಲಿಯೂ ತಡವರಿಸಲಿಲ್ಲ. ನನ್ನ ಪೆನ್ಸಿಲು ನಿಂತಿತು. ಅವನಿಗೆ ಅಕ್ಷರ ಬರದು, ನಿಜ. ಅಂಕಿ? ಈ ಮನುಷ್ಯ ಜನ್ಮದಲ್ಲಿ ಒಂದು ನಂಬರೂ ತಪ್ಪು ಓದಿದವನಲ್ಲ. ಅಂಥವನ ಎದುರು, ಒಂದು ಮಾರು ದೂರದಲ್ಲಿ, ಹದಿನಾಲ್ಕು ಸಾಲು ಮೂವತ್ತನಾಲ್ಕು ತೂಗುಬಿಟ್ಟು ನಾನು ಮೂವತ್ತೆರಡು ಎಂದಿದ್ದೆ.

"ಬರಕೊಂಡಿಯೇನ್ಲೇ?" ಎಂದ ಅಪ್ಪ.

"ಬರಕೊಂಡೆ," ಎಂದೆ. ಅಷ್ಟೇ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ, ಈಗ ಕೇಳಲು ಅವನಿಲ್ಲ.

ಆದರೆ ಅಂದು ಕೆಲಸ ಮುಗಿಯುವವರೆಗೂ ನನಗೆ ಒಂದೇ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಆ ಬುಧವಾರದ ನಂತರದ ಐತವಾರ ಬೆಳಿಗ್ಗೆ ಶಂಕ್ರಪ್ಪನ ಸ್ಕೂಟರು ಬಂತು. ಅಪ್ಪ ಹೊರಗೆ ಬೇವಿನ ಗಿಡದಿಂದ ಕಿಟಕಿಯ ಸರಳಿಗೆ ಏನೋ ಎಳೆದು ಕಟ್ಟುತ್ತಿದ್ದ. ನೋಡಿದರೆ ಟ್ರಂಕಿನ ಹಗ್ಗ. ಒಳಗೆ ಟ್ರಂಕು ಬರಿಮೈಯಲ್ಲಿ ನಿಂತಿತ್ತು.

"ಏನೋ ಹನುಮಂತಾ, ಗಂಟು ಕಟ್ಟಿಯಿಲ್ಲೋ? ನಾಡಿದ್ದ ಗಾಡಿ ಐತಿ," ಎಂದ ಶಂಕ್ರಪ್ಪ ಸ್ಕೂಟರಿನಿಂದ ಇಳಿಯದೆ.

"ಈಗ ಬರಾಕ ಆಗಂಗಿಲ್ರಿ."

"ಯಾಕ? ಏನಾತು?"

ಅಪ್ಪ ಗಂಟು ಬಿಗಿದು, ಹಗ್ಗಕ್ಕೆ ಜೋತುಬಿದ್ದು ನೋಡಿದ. ಅದು ತಡೆಯಿತು.

"ಇನ್ನೂ ಒಂದು ಆಟ ಬಾಕಿ ಐತ್ರಿ," ಎಂದ.

ಶಂಕ್ರಪ್ಪ ಗೋದಾಮಿನ ಕಡೆ ನೋಡಿದ, ಬಯಲಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಎಲ್ಲಿಯೂ ಆಟ ಕಾಣಲಿಲ್ಲ. ಅವ್ವ ಹಿಂಡಿದ ಬಟ್ಟೆಯ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಬಂದು, ಮೊದಲು ಅಕ್ಕನ ಶಾಲೆಯ ಲಂಗ ಒಣಗಹಾಕಿದಳು.